ಹತ್ತಕ್ಷರದ ಷರಾ

ಮಾಸ್ತರು ತಂದ ಕರಡು ಮೂವತ್ತಾರು ಪುಟ ಇತ್ತು. ಅದನ್ನು ನನ್ನ ಮೇಜಿನ ಮೇಲಿಟ್ಟು, ಧೋತರದ ಚುಂಗಿನಿಂದ ಕನ್ನಡಕ ಒರೆಸಿಕೊಳ್ಳುತ್ತ, "ನಲವತ್ತೊಂದು ನಮೂನಿ ಸಂದೇಶ ಅದಾವವ್ವ. ಒಂದೂ ಬಿಟ್ಟಿಲ್ಲ," ಅಂದರು. ಕಾಲುವೆಗೆ ನೀರು ಬಿಡಲು ಐದೇ ವಾರ ಉಳಿದಿತ್ತು. ನನ್ನ ಸಿಟ್ಟು ನೆತ್ತಿಗೇರಿತು. "ಮಾಸ್ತರ್ರೀ, ನಾವು ಪುರಾಣ ಬರಿಯಾಕತ್ತೀವೋ, ನೀರು ಬಂತು ಹೋತು ಅಂತ ಒಂದ್ ಸಾಲು ಬರಿಯಾಕತ್ತೀವೋ?" ಅಂದುಬಿಟ್ಟೆ. ನನ್ನ ಅಪ್ಪನ ವಯಸ್ಸಿನವರು. ಅವರು ನಕ್ಕರು. ಆ ನಗು ನೋಡಿ ನನಗೆ ಇನ್ನಷ್ಟು ರೇಗಿತು.

ತೊಂಬತ್ತರ ದಶಕದ ಕೊನೆಯ ವರ್ಷಗಳ ಮಾತು ಇದು. ಸಿಂಧನೂರಿನಲ್ಲಿ ನಾನು ಕಂಪ್ಯೂಟರ್ ಕಲಿಸುವ ಸಣ್ಣ ಕೇಂದ್ರವೊಂದನ್ನು ನಡೆಸುತ್ತಿದ್ದೆ. ಫೋನಿಗೆ ಮೋಡೆಮ್ ಹಚ್ಚಿ, ಲೈನು ಸಿಕ್ಕರೆ, ರಾಯಚೂರಿನ ಮೂಲಕ ಇ-ಮೇಲ್ ಹೋಗುತ್ತಿತ್ತು, ಬರುತ್ತಿತ್ತು. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಮಾಸ್ತರು ಲಿಂಗಸೂಗೂರಿನವರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದ ಮೇಲೆ ಕಂಪ್ಯೂಟರ್ ಕೊಂಡು, ಪುಸ್ತಕ ಇಟ್ಟುಕೊಂಡು ತಾವೇ ಪ್ರೋಗ್ರಾಂ ಬರೆಯಲು ಕಲಿತಿದ್ದರು. ಮಸ್ಕಿಯಲ್ಲಿ ಎಸ್‌ಟಿಡಿ ಬೂತಿನ ಮಾಲೀಕರೊಬ್ಬರು ಒಂದು ಕಂಪ್ಯೂಟರನ್ನೂ ಕರ್ರ್ ಎಂದು ಅರಚುವ ಹಳೇ ಪ್ರಿಂಟರನ್ನೂ ಇಟ್ಟುಕೊಂಡಿದ್ದರು. ಈ ಮೂರು ಊರಿನ ಮೂರು ಯಂತ್ರಗಳ ನಡುವೆ ದಿನಾಲು ಕಾಲುವೆಯ ಸುದ್ದಿ ಓಡಾಡಬೇಕು, ಅದಕ್ಕೊಂದು ಕಟ್ಟುನಿಟ್ಟಾದ ನಮೂನೆ ಮಾಡಿಕೊಡಿ ಎಂದು ನೀರು ಬಳಸುವ ರೈತರ ಒಕ್ಕೂಟ ನಮ್ಮನ್ನು ಕೇಳಿತ್ತು.

ಒಕ್ಕೂಟ ಕೇಳಿದ್ದು ಕಾಗದದಲ್ಲಿ. ಎದುರಿಗೆ ಬಂದು ಕೇಳಿದವನು ಮಸ್ಕಿ ಕಡೆಯ ಉಪಕಾಲುವೆಯ ಗ್ಯಾಂಗ್‌ಮನ್. ಸಿಂಧನೂರಿನ ಗೇಟು ಮುಚ್ಚಿ ನೀರು ನಿಂತಾಗ ಅವನು ಮೂರು ಜನರನ್ನು ಕರೆದುಕೊಂಡು ಕಾಲುವೆಗೆ ಇಳಿಯಬೇಕು. ರಸ್ತೆಯ ಕೆಳಗೆ ಹಾದುಹೋಗುವ ಪೈಪಿನೊಳಗೆ ತೂರಿ, ಅಲ್ಲಿ ಸಿಕ್ಕಿಕೊಂಡ ಜಾಲಿಕಂಟಿ, ಹುಲ್ಲು, ಸತ್ತ ನಾಯಿ ಎಲ್ಲ ಎಳೆದು ಹಾಕಬೇಕು. ಗೇಟು ಮುಚ್ಚಿದ್ದು, ತೆರೆದದ್ದು ಅವನಿಗೆ ತಿಳಿಯುತ್ತಿದ್ದದ್ದು ಬಸ್ ಕಂಡಕ್ಟರನ ಕೈಯಲ್ಲಿ ಬರುವ ಚೀಟಿಯಿಂದ. ಮಸ್ಕಿಗೆ ಫೋನು ಹಚ್ಚಿದರೆ ಹಲೋ ಹಲೋ ಅನ್ನುವುದೇ ಆಗುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

"ಹ್ವಾದ ವರ್ಷ ಕಂಡಕ್ಟರಪ್ಪ ಚೀಟಿ ಕೊಡಾದು ಮರ್ತು ಮುದಗಲ್ ಮಟ ಹೋಗ್ಯಾನ್ರಿ ಅಕ್ಕಾರ," ಅಂದ. ಅಂಗಿಯ ತೋಳು ಮೇಲೇರಿಸಿ, ಮೊಣಕೈಯಿಂದ ಭುಜದವರೆಗೆ ಚರ್ಮ ಕಿತ್ತುಹೋಗಿ ಮಾಗಿದ್ದನ್ನು ತೋರಿಸಿದ. "ನಾ ಪೈಪಿನ್ಯಾಗ ಅದೀನಿ, ಹಿಂದ ನೀರು ಬಂದ್ವು. ಮೂರು ಮಂದಿ ಕಾಲು ಹಿಡದು ಜಗ್ಯಾರ. ಈ ವರ್ಷ ನೀರಿಗಿಂತ ಮೊದಲ ಚೀಟಿ ಬರಂಗ ಮಾಡ್ರಿ. ಅಷ್ಟ ನೋಡ್ರಿ ನಾ ಕೇಳಾದು."

"ಓದಾಕ ಬರ್ತೈತಾ ನಿನಗ?" ಎಂದು ಕೇಳಿದೆ.

ಅವನಿಗೆ ಸ್ವಲ್ಪ ಬೇಸರವಾದಂತೆ ಕಾಣಿಸಿತು. "ನಾಕನೆತ್ತ ಪಾಸ್ ಆಗೀನ್ರಿ. ನಮ್ಮ ಗ್ಯಾಂಗಿನ್ಯಾಗ ಓದಾಂವ ನಾ ಒಬ್ಬನ. ಕನ್ನಡದಾಗ ಇರ್ಲಿ, ಇಂಗ್ಲಿಷ್ ಬ್ಯಾಡ."

"ಕನ್ನಡದಾಗ ಬರ್ತೈತಿ, ನೀರಿಗಿಂತ ಮೊದಲ ಬರ್ತೈತಿ. ನಾ ಮಾಡಿಕೊಡ್ತೀನಿ," ಅಂದೆ. ಮಾತು ಕೊಟ್ಟೆ. ಆಮೇಲಿನ ನನ್ನ ಅವಸರಕ್ಕೆಲ್ಲ ಆ ಮಾತೇ ಕಾರಣ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ ನಿಜ. ನನಗೆ ತಾಳ್ಮೆ ಮೊದಲಿನಿಂದಲೂ ಕಡಿಮೆ.

ಇಂಟರ್ನೆಟ್ಟಿನ ನಿಯಮಗಳನ್ನು ಬರೆಯುವವರು ಹೇಗೆ ಕೆಲಸ ಮಾಡುತ್ತಾರೆ ಎಂಬುದರ ಬಗ್ಗೆ ರಾಯಚೂರಿನ ಪರಿಚಯದ ಉಪನ್ಯಾಸಕರೊಬ್ಬರು ಒಂದಷ್ಟು ಹಾಳೆ ಮುದ್ರಿಸಿ ಕೊಟ್ಟಿದ್ದರು. ಕರಡು ಬರೆದು ಎಲ್ಲರಿಗೂ ಹಂಚಬೇಕು. ಯಾರು ಬೇಕಾದರೂ ತಕರಾರು ಎತ್ತಬಹುದು. ಹೆಚ್ಚು ಕಡಿಮೆ ಎಲ್ಲರೂ ಒಪ್ಪಿದರೆ ಸಾಕು. ಆದರೆ ಬೇರೆ ಬೇರೆ ಜನ ಬೇರೆ ಬೇರೆಯಾಗಿ ಬರೆದ ಎರಡು ಪ್ರೋಗ್ರಾಮುಗಳು ಆ ನಿಯಮವನ್ನಷ್ಟೇ ನಂಬಿ ಒಂದಕ್ಕೊಂದು ಮಾತಾಡಿ ತೋರಿಸಬೇಕು. ಮಾಸ್ತರೂ ನಾನೂ ಓದಿದ್ದು ಅವೇ ಹಾಳೆಗಳನ್ನು. ಒಮ್ಮೆ ಊರೆಲ್ಲ ಬಳಸತೊಡಗಿದ ನಿಯಮವನ್ನು ತಿದ್ದುವುದು ಕಷ್ಟ, ಆದ್ದರಿಂದ ಮೊದಲೇ ಎಲ್ಲವನ್ನೂ ಸೇರಿಸಬೇಕು ಎಂದು ಅವರಿಗೆ ತಿಳಿಯಿತು. ಸಣ್ಣದಾಗಿ ಶುರು ಮಾಡಿ ಓಡಿಸಬೇಕು, ಉಳಿದದ್ದು ಆಮೇಲೆ ಎಂದು ನನಗೆ ತಿಳಿಯಿತು. ಇಬ್ಬರೂ ಬೆರಳಿಟ್ಟು ತೋರಿಸಲು ಅದರಲ್ಲಿ ಸಾಲುಗಳಿದ್ದವು.

ಮೊದಲ ತೊಡಕು ಕನ್ನಡದ್ದೇ. ನಮ್ಮ ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಎಂಟು ಬಿಟ್ ಬೇಕಿತ್ತು. ನಮ್ಮ ಇ-ಮೇಲ್ ಹೋಗುವ ದಾರಿ ಏಳನ್ನು ಮಾತ್ರ ಸಾಗಿಸುತ್ತಿತ್ತು, ಎಂಟನೆಯದು ನಡುವೆ ಉದುರಿಹೋಗುತ್ತಿತ್ತು. ಇಲ್ಲಿಂದ 'ನೀರು' ಎಂದು ಕಳಿಸಿದರೆ ಅಲ್ಲಿ ಅಲ್ಪವಿರಾಮ, ಪ್ರಶ್ನೆಚಿಹ್ನೆ, ಒಂದು ಸೊನ್ನೆ. ಹಾಗಾಗಿ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸುವುದು, ಮಸ್ಕಿಯ ಪ್ರೋಗ್ರಾಂ ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಚೀಟಿ ಮುದ್ರಿಸುವುದು ಎಂದು ಮಾಡಿದೆವು. ದೀರ್ಘಕ್ಕೆ ದೊಡ್ಡಕ್ಷರ, ಹ್ರಸ್ವಕ್ಕೆ ಸಣ್ಣಕ್ಷರ. ಇಷ್ಟರಲ್ಲಿ ಜಗಳವಿರಲಿಲ್ಲ. ಚೀಟಿಯಲ್ಲಿ ಏನೇನು ಇರಬೇಕು ಅನ್ನುವುದೇ ಜಗಳ.

ಅದನ್ನು ಇತ್ಯರ್ಥ ಮಾಡಲು ಒಂದು ಭಾನುವಾರ ಲಿಂಗಸೂಗೂರಿನಲ್ಲಿ ಮಾಸ್ತರ ಮನೆಯ ಪಡಸಾಲೆಯಲ್ಲಿ ಕೂತೆವು. ಮಾಸ್ತರು, ನಾನು, ಮಸ್ಕಿಯ ಬೂತಿನ ಮಾಲೀಕರು. ಮಾಸ್ತರ ಮನೆಯವರು ಒಗ್ಗರಣೆ ಹಾಕಿದ ಮಂಡಾಳು, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ಗೇಟಿನ ಹಲ್ಲು ಮುರಿದರೆ ಒಂದು ಸಂಖ್ಯೆ, ಏರಿ ಬಿರುಕು ಬಿಟ್ಟರೆ ಒಂದು ಸಂಖ್ಯೆ, ಕಾಲುವೆಯಲ್ಲಿ ದನ ಬಿದ್ದರೆ ಒಂದು ಸಂಖ್ಯೆ ಹೀಗೆ ಮಾಸ್ತರ ಪಟ್ಟಿ ನಡೆದಿತ್ತು. ಪ್ರತಿ ಸಂದೇಶಕ್ಕೂ ಅತ್ತಕಡೆಯಿಂದ 'ಮುಟ್ಟಿತು' ಎಂಬ ಉತ್ತರ ಬರಬೇಕು ಎಂದೂ ಇತ್ತು.

"ದನ ಬಿದ್ರ ಕಂಪ್ಯೂಟರ್ ಮುಂದ ಕುಂತು ನಂಬರ್ ಹುಡುಕ್ತಾರೇನ್ರಿ ಯಾರರ? ಹಗ್ಗ ಹುಡುಕ್ತಾರ," ಅಂದೆ.

ಬೂತಿನ ಮಾಲೀಕರು ನಕ್ಕು ತಲೆದೂಗಿದರು. ಮಾಸ್ತರು ನಗಲಿಲ್ಲ. "ಗೇಟು ತೆರದೈತೋ ಮುಚ್ಚೈತೋ, ಅದಕ್ಕರ ಬ್ಯಾರೇ ಒಂದು ಅಂಕಣ ಇರ್ಲವ್ವ. ಒಂದು ಅಂದ್ರ ತೆರದೈತಿ, ಎರಡು ಅಂದ್ರ ಮುಚ್ಚೈತಿ. ಮಾತಿನ್ಯಾಗ ಬರದ್ರ ಒಬ್ಬೊಬ್ಬಾಂವ ಒಂದೊಂದು ನಮೂನಿ ಬರೀತಾನ."

"ಆ ಒಂದು ಎರಡು ಗ್ಯಾಂಗ್‌ಮನ್‌ಗೆ ಯಾರು ಕಲಿಸ್ತಾರ್ರಿ? ಷರಾದಾಗ ಕನ್ನಡದಾಗ ಬರದ್ರ ಸೀದಾ ಓದ್ಕೊಂತಾನ."

ಹೀಗೆ ಒಂದೊಂದನ್ನೇ ಹೊಡೆದು ಹಾಕುತ್ತ ಬಂದೆ. ಹೊಡೆದು ಹಾಕಿದ್ದನ್ನೆಲ್ಲ 'ಎರಡನೇ ಆವೃತ್ತಿಗೆ' ಎಂಬ ತಲೆಬರಹದ ಹಾಳೆಯಲ್ಲಿ ಬರೆದೆ. ಗೇಟಿನ ಅಂಕಣ ಎರಡನೇ ಆವೃತ್ತಿಗೆ. ಮುಟ್ಟಿತು ಎಂಬ ಉತ್ತರ ಎರಡನೇ ಆವೃತ್ತಿಗೆ. ಷರಾ ಇಂಗ್ಲಿಷಿನ ಹತ್ತು ಅಕ್ಷರ ಮೀರಬಾರದು ಎಂದು ಒಪ್ಪಿದೆವು. ಮೀರಿದರೆ ಯಂತ್ರ ಗಂಟೆ ಬಾರಿಸಿ ತಡೆಯಬೇಕು ಎಂದು ಮಾಸ್ತರು ಅಂದರು. ಅದನ್ನು ಬರೆಯಲು ಎರಡು ದಿನ ಬೇಕು, ಹೆಚ್ಚಾದದ್ದನ್ನು ಕತ್ತರಿಸಿ ಕಳಿಸಲಿ ಸಾಕು ಎಂದು ನಾನು ಅಂದೆ. ನೀರಿನ ಮಟ್ಟ ಅಳೆಯುವ ಗೇಜ್ ಪಟ್ಟಿಯನ್ನು ಯಾವ ದಿನವಾದರೂ ಓದಲಾಗದಿದ್ದರೆ ಸೊನ್ನೆ ಹಾಕಲಿ ಎಂದೆ. ಮಾಸ್ತರು ಪ್ರತಿ ಸಲವೂ ಕನ್ನಡಕ ತೆಗೆದು ಒರೆಸಿಕೊಂಡು, ಆಮೇಲೆ "ಆತು, ಬರಕೋ" ಅನ್ನುತ್ತಿದ್ದರು. ಅವರನ್ನು ದಣಿಸಿ ಗೆಲ್ಲುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಒಳಗೊಳಗೆ ಖುಷಿಯೂ ಆಗುತ್ತಿತ್ತು.

ಇಡೀ ದಿನದಲ್ಲಿ ನಾವಿಬ್ಬರೂ ಕೂಡಲೇ ಒಪ್ಪಿದ್ದು ಒಂದೇ ವಿಷಯವನ್ನು. ಆ ಹಳೇ ಪ್ರಿಂಟರಿಗೆ ಕನ್ನಡ ಅಕ್ಷರಗಳನ್ನು ನಾವೇ ಚುಕ್ಕೆ ಚುಕ್ಕೆಯಾಗಿ ಬಿಡಿಸಿ ಕೊಡಬೇಕಿತ್ತು. ಪದದ ಕೊನೆಗೆ ಬರುವ ಅರ್ಧಾಕ್ಷರಗಳನ್ನೂ ಬಿಡಿಸಬೇಕೇ ಎಂದು ಕೇಳಿದೆ. ಮಾಸ್ತರು ಕೈ ಆಡಿಸಿದರು. "ಬ್ಯಾಡ. ಕನ್ನಡದ ಮಾತು ಸ್ವರದಾಗ ಮುಗಿತೈತಿ. ಅರ್ಧಕ್ಕ ನಿಲ್ಲಾದು ನಮ್ಮ ಭಾಷಾದ ಜಾಯಮಾನ ಅಲ್ಲ."

"ಚಲೋ ಆತು. ಒಂದು ವಾರ ಉಳೀತು," ಅಂದೆ.

ಗೇಟ್, ಬಂದ್, ಸಾಫ್, ಖಲಾಸ್ ಎಂದು ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ಬಾಯಿ ತುಂಬ ಆಡುವ ಮೂರು ಜನ ಕೂತಿದ್ದೆವು ಅಲ್ಲಿ. ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸಂಜೆಯ ಹೊತ್ತಿಗೆ ಐದು ಅಂಕಣ ಉಳಿದವು: ಸ್ಥಳ, ದಿನ, ಗಂಟೆ, ಗೇಜ್, ಷರಾ. ಮೂವತ್ತಾರು ಪುಟ ಎರಡೂವರೆ ಪುಟವಾಯಿತು. ಬಸ್ಸಿನಲ್ಲಿ ಬರುವಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಸಲ ಓದಿದೆ.

ಕಳಿಸುವ, ಪಡೆಯುವ ಪ್ರೋಗ್ರಾಮನ್ನು ನಾನೊಂದು ಬರೆದೆ, ಮಾಸ್ತರು ಒಂದು ಬರೆದರು. ಒಬ್ಬರದನ್ನೊಬ್ಬರು ನೋಡಬಾರದು ಎಂದು ಕರಾರು. ಪರೀಕ್ಷೆಯಲ್ಲಿ ನಾಲ್ಕು ದಿನ ಒಂದೇ ತೊಂದರೆ ಕಾಡಿತು. ನಾನು ಕಳಿಸಿದ ಹತ್ತು ಸಂದೇಶಗಳಲ್ಲಿ ಮೊದಲನೆಯದು ಮಾತ್ರ ಮುಟ್ಟಿ ಉಳಿದ ಒಂಬತ್ತು ಮಾಯ. ಮೋಡೆಮನ್ನು ಬೈದೆ, ಟೆಲಿಫೋನಿನವರನ್ನು ಬೈದೆ. ಕೊನೆಗೆ ನೋಡಿದರೆ ತಪ್ಪು ನನ್ನದೇ. ಸಂದೇಶಗಳ ನಡುವೆ ಗುರುತಿಗೆಂದು ಬರೀ ಒಂದು ಚುಕ್ಕೆಯ ಸಾಲು ಹಾಕಿದ್ದೆ. ಸಾಲಿನಲ್ಲಿ ಚುಕ್ಕೆ ಒಂಟಿಯಾಗಿ ಬಂದರೆ ಇ-ಮೇಲ್ ಕಳಿಸುವ ಯಂತ್ರಕ್ಕೆ 'ಪತ್ರ ಮುಗಿಯಿತು' ಎಂದು ಅರ್ಥ. ಚುಕ್ಕೆ ತೆಗೆದು ನಕ್ಷತ್ರ ಹಾಕಿದೆ. ಎಲ್ಲ ಸಂದೇಶಗಳೂ ಮುಟ್ಟಿದವು, ಅವರದ್ದು ನನಗೆ, ನನ್ನದು ಅವರಿಗೆ. ನೀರು ಬಿಡುವ ಆರು ದಿನ ಮೊದಲೇ ಕರಡಿನ ಮೇಲೆ 'ಒಪ್ಪಿತ' ಎಂದು ಬರೆದು ರುಜು ಹಾಕಿದೆವು. ಎರಡು ಪ್ರೋಗ್ರಾಮುಗಳು ಮಾತಾಡಿದವಲ್ಲ, ಇನ್ನೇನು ಬೇಕು ಎಂದು ನಾನು ಹಿಗ್ಗಿದೆ. ಚೀಟಿ ಓದುವವನನ್ನು ಕೂರಿಸಿಕೊಂಡು ಯಾರೂ ಪರೀಕ್ಷೆ ಮಾಡಲಿಲ್ಲ.

ಮಸ್ಕಿಯ ಬೂತಿನಲ್ಲಿ ಮಾಸ್ತರ ಪ್ರೋಗ್ರಾಂ ಹಾಕಿದೆವು. ದಿನಾ ಬೆಳಗ್ಗೆ ಸಿಂಧನೂರಿನ ಗೇಟಿನವನು ನನಗೆ ಫೋನು ಮಾಡಿ ಹೇಳುವುದು, ನಾನು ಟೈಪು ಮಾಡಿ ಕಳಿಸುವುದು, ಮಸ್ಕಿಯಲ್ಲಿ ಚೀಟಿ ಮುದ್ರಣವಾಗುವುದು, ಗ್ಯಾಂಗ್‌ಮನ್ ಬಂದು ಒಯ್ಯುವುದು. ನೀರು ಸಿಂಧನೂರಿನಿಂದ ಅವನ ಪೈಪು ಮುಟ್ಟಲು ಅರ್ಧ ದಿನ ಹಿಡಿಯುತ್ತಿತ್ತು. ಚೀಟಿ ಅರ್ಧ ಗಂಟೆಯಲ್ಲಿ ಮುಟ್ಟುತ್ತಿತ್ತು. ಕೊಟ್ಟ ಮಾತು ಉಳಿಸಿಕೊಂಡೆ ಎಂದು ಬೀಗಿದೆ.

ಮೊದಲ ಸಲ ಗೇಟು ಮುಚ್ಚಿದ ದಿನ 'ನೀರು ಬಂದ್' ಎಂದು ಕಳಿಸಿದೆ. ಮಧ್ಯಾಹ್ನ ಗ್ಯಾಂಗ್‌ಮನ್ ಬೂತಿನಿಂದ ಫೋನು ಮಾಡಿಸಿದ. ಅಂದು ಪುಣ್ಯಕ್ಕೆ ಲೈನು ಸ್ಪಷ್ಟವಿತ್ತು. "ಅಕ್ಕಾರ, 'ನೀರು ಬಂದ' ಅಂತ ಬರದೈತ್ರಿ. ಕಾಲುವಿ ನೋಡಿದ್ರ ಒಣಗಾಕತ್ತೈತಿ. ಏನ್ ತಿಳ್ಕೋಬೇಕ್ರಿ?"

ಮರುದಿನ ಬಸ್ಸು ಹತ್ತಿ ಮಸ್ಕಿಗೆ ಹೋದೆ. ಚೀಟಿ ನೋಡಿದೆ. ಅರ್ಧಾಕ್ಷರ ಬಿಡಿಸಿಲ್ಲದ್ದರಿಂದ ಪ್ರಿಂಟರು 'ಬಂದ್' ಅನ್ನು 'ಬಂದ' ಎಂದು ಹೊಡೆದಿತ್ತು. ಬೇರೆ ಚೀಟಿಗಳಲ್ಲಿ 'ಗೇಟ', 'ಸಾಫ'. ನನಗೆ ನಗು ಬಂತು. ಬೂತಿನ ಮುಂದಿನ ಬೆಂಚಿನ ಮೇಲೆ ಅವನನ್ನು ಕೂರಿಸಿಕೊಂಡು, "ನೋಡು, ಈ ಪ್ರಿಂಟರಿಗೆ ಅರ್ಧಾಕ್ಷರ ಬರಂಗಿಲ್ಲ. ಗೇಟ ಅಂತ ಇದ್ರ ಗೇಟ್. ಸಾಫ ಅಂತ ಇದ್ರ ಸಾಫ್. ಬಂದ ಅಂತ ಇದ್ರ ಬಂದ್, ನೀರು ನಿಂತಾವ ಅಂತ ತಿಳ್ಕೋ. ನೀರು ಬಿಟ್ರ 'ಚಾಲೂ' ಅಂತ ಬರ್ತೈತಿ," ಎಂದು ಹೇಳಿಕೊಟ್ಟೆ.

"ಹಂಗೇಳ್ರಿ ಮತ್ತ. ಅಕ್ಷರದ್ದು ಬಾಲ ಮುರದೈತಿ," ಎಂದು ನಕ್ಕ. ಎರಡು ಸಲ ಓದಿಸಿದೆ. ತಪ್ಪಿಲ್ಲದೆ ಓದಿದ. ಆಮೇಲೆ ತನ್ನ ಮೂರು ಜನರಿಗೂ ಚೀಟಿ ಹಿಡಿದು ತಿಳಿಸುತ್ತಿದ್ದನಂತೆ, "ಇದು ಕಂಪ್ಯೂಟರ್ ಕನ್ನಡ, ನಿಮಗ ತಿಳ್ಯಂಗಿಲ್ಲ" ಎಂದು ಜಂಬ ಕೊಚ್ಚುತ್ತ.

ಮಾಸ್ತರಿಗೆ ಸುದ್ದಿ ಹೇಳಿದಾಗ ಅವರು ನಗಲಿಲ್ಲ. ಎರಡೇ ದಿನಕ್ಕೆ ಅವರಿಂದ ಉದ್ದನೆಯ ಇ-ಮೇಲ್ ಬಂತು. ತಪ್ಪು ತಮ್ಮದು, ಊರ ಮಾತನ್ನು ಮರೆತು ವ್ಯಾಕರಣ ಹೇಳಿದೆ, ಅರ್ಧಾಕ್ಷರಗಳನ್ನು ಈಗಲೇ ಬಿಡಿಸಿ ಕೊಡುತ್ತೇನೆ, ಹತ್ತು ದಿನ ಕೊಡು ಎಂದು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಅರ್ಧಾಕ್ಷರಕ್ಕೊಂದು ಗುರುತನ್ನು ನಿಯಮಕ್ಕೇ ಸೇರಿಸಿ, ಮೂರೂ ಊರಿಗೆ ಹೊಸ ಫ್ಲಾಪಿ ಒಯ್ದು ಒಂದೇ ದಿನ ಬದಲಿಸಬೇಕು. ಒಂದು ಊರಿನಲ್ಲಿ ಹಳೆಯದು ಉಳಿದರೂ ಎಲ್ಲ ಕಲಸುಮೇಲೋಗರ. ಈಗ ಓದುವವನಿಗೆ ಅರ್ಥವಾಗುತ್ತಿದೆ, ಹಂಗಾಮು ಮುಗಿಯಲಿ, ಎರಡನೇ ಆವೃತ್ತಿಗೆ ಎಂದು ಉತ್ತರ ಬರೆದೆ. ಅವರು ಮತ್ತೆ ಬರೆಯಲಿಲ್ಲ. ಆ ಉತ್ತರವನ್ನು ಈಗಲೂ ಸಾಲು ಸಾಲಾಗಿ ಹೇಳಬಲ್ಲೆ. ತರ್ಕದಲ್ಲಿ ಒಂದೂ ಲೋಪವಿಲ್ಲ.

ಎರಡು ತಿಂಗಳು ಹೀಗೇ ನಡೆಯಿತು. ಹಂಗಾಮಿನ ನಡುವೆ ಒಮ್ಮೆ ಕಾಲುವೆ ನಿಲ್ಲಿಸಿದರು. ಆ ಬೆಳಗ್ಗೆ 'ನೀರು ಬಂದ್' ಎಂದು ಕಳಿಸಿದೆ. ನಾಲ್ಕು ದಿನ ಬಂದ್ ಎಂದು ಹೇಳಿದ್ದರು. ಮೂರನೆಯ ಬೆಳಗ್ಗೆ ಕೇಂದ್ರದಲ್ಲಿ ಹುಡುಗಿಯರ ತಂಡಕ್ಕೆ ಪರೀಕ್ಷೆ ಇತ್ತು. ಪ್ರಶ್ನೆಪತ್ರಿಕೆ ಹಂಚುತ್ತಿದ್ದಾಗ ಗೇಟಿನವನ ಫೋನು ಬಂತು. "ಅಕ್ಕಾರ, ಮ್ಯಾಲಿಂದ ಎರಡು ದಿನ ಮೊದಲ ಬಿಟ್ಟಾರ. ನೀರು ಬಂದ್ವು. ಗೇಜ್ ಪಟ್ಟಿಗೆ ಪಾಚಿ ಕಟ್ಟೈತಿ, ಓದಾಕ ಬರವಲ್ದು." ನಾನು ಫೋನನ್ನು ಭುಜಕ್ಕೆ ಆನಿಸಿಕೊಂಡು, ಗೇಜಿಗೆ ಸೊನ್ನೆ ಹಾಕಿ, ಷರಾದಲ್ಲಿ ಅವನು ಅಂದದ್ದನ್ನೇ ಬರೆದೆ: ನೀರು ಬಂದವು. ದಿನಾ ಬರೆಯುತ್ತಿದ್ದ 'ಚಾಲೂ' ಎಂಬ ಮಾತು ಅಂದು ಕೈಗೆ ಬರಲಿಲ್ಲ. ಪರದೆಯ ಮೇಲೆ 'ಬಂದವು' ಎಂದು ಪೂರ್ತಿ ಕಂಡಿತು. ಕಳಿಸಿ ಪರೀಕ್ಷೆಗೆ ಹೋದೆ.

ಮೂರು ಗಂಟೆಗೆ ಬೂತಿನ ಮಾಲೀಕರು ಫೋನು ಮಾಡಿದರು. "ಅಕ್ಕಾರ, ಗ್ಯಾಂಗ್‌ಮನ್ ಹೋದ್ರಿ," ಅಂದರು.

"ಎಲ್ಲಿಗೆ?" ಅಂದೆ.

ಅವರು ಅಳತೊಡಗಿದ ಮೇಲೆ ನನಗೆ ತಿಳಿಯಿತು. ಬೆಳಗ್ಗೆ ಚೀಟಿ ಒಯ್ದಿದ್ದ. ಇನ್ನೂ ಬಂದ್ ಐತಿ, ಉಳಿದ ಕೆಲಸ ಇವತ್ತ ಮುಗಿಸೋಣ ಎಂದು ಜನರನ್ನು ಕರೆದುಕೊಂಡು ಹೋಗಿದ್ದ. ನೀರು ನುಗ್ಗಿದಾಗ ಮೂವರು ಪೈಪಿನ ಬಾಯಲ್ಲಿದ್ದರು, ದಡ ಹತ್ತಿ ಉಳಿದರು. ಅವನು ಒಳಗಿದ್ದ. ಆಚೆ ಬದಿಯ ಬಾಯಿಗೆ ಕಂಟಿ ಕಟ್ಟಿಕೊಂಡಿತ್ತು.

ಕಂಪ್ಯೂಟರಿನ ಮುಂದೆ ಕೂತು ಅಂದು ಕಳಿಸಿದ್ದರ ಪ್ರತಿ ತೆಗೆದೆ. ಹೊರಟಾಗ ಷರಾ ಹೇಗಿತ್ತೋ ಹಾಗೆ ಅದರಲ್ಲಿತ್ತು. ಬೆರಳು ಮಡಿಚಿ ಎಣಿಸಿದೆ. ಎನ್, ಐ, ಆರ್, ಯು, ಒಂದು ಖಾಲಿ ಜಾಗ, ಬಿ, ಎ, ಎನ್, ಡಿ, ಎ. ಹತ್ತು. ಅಲ್ಲಿಗೆ ನನ್ನ ಪ್ರೋಗ್ರಾಂ ಕತ್ತರಿ ಹಾಕಿತ್ತು. 'ವು' ಇಲ್ಲೇ ಬಿದ್ದುಹೋಗಿತ್ತು. ಮಸ್ಕಿಯಲ್ಲಿ ಮುದ್ರಣವಾದದ್ದು ಸೊನ್ನೆ, ಅದರ ಪಕ್ಕ 'ನೀರು ಬಂದ'. ಎರಡು ದಿನದ ಹಿಂದಿನ ಚೀಟಿಯಲ್ಲೂ ಸೊನ್ನೆ, 'ನೀರು ಬಂದ'. ಎರಡನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ದಿನಾಂಕ ಮತ್ತು ಗಂಟೆ ಬಿಟ್ಟು ಒಂದು ಚುಕ್ಕೆಯೂ ಬೇರೆಯಿಲ್ಲ. ಅವನ್ನು ಹಾಗೆ ಹಿಡಿದು ನೋಡಿದ್ದು ಆಮೇಲೆ, ವಿಚಾರಣೆಯ ದಿನ.

ವಿಚಾರಣೆ ಮಾಡಿದ್ದು ಒಕ್ಕೂಟದ ಮೂವರು ಹಿರಿಯರು. ನನ್ನ ಪ್ರತಿ ನೋಡಿದರು, ಮಸ್ಕಿಯ ಚೀಟಿ ನೋಡಿದರು, ಎರಡೂವರೆ ಪುಟದ ನಿಯಮ ನೋಡಿದರು. ಎಲ್ಲವೂ ನಿಯಮದ ಪ್ರಕಾರವೇ ಇತ್ತು. ಹಿರಿಯರಲ್ಲಿ ಒಬ್ಬರು ನನ್ನ ಮುಖ ನೋಡಿ ಮರುಗಿದರು. "ಯಾಕವ್ವ ಹಿಂಗ್ ಕುಂತಿ? ಕಾಗದದಾಗ 'ಬಂದ' ಅಂತ ಐತಿ. ಬಂದ ಅಂದ್ರ ನೀರು ಬಂದಾವಂತ, ಸಣ್ಣ ಹುಡುಗರಿಗೂ ತಿಳಿತೈತಿ. ಅಂವ ಬಂದ್ ಅಂತ ಓದ್ಕೊಂಡಾನ. ನಿಂದೇನು ತಪ್ಪು ಇದ್ರಾಗ?" ವರದಿಯಲ್ಲಿ, ಸಂದೇಶ ಸಕಾಲಕ್ಕೆ ತಲುಪಿದೆ, ಮೃತನು ಓದುವಲ್ಲಿ ಲೋಪವಾಗಿದೆ ಎಂದು ಬರೆದರು.

ನಾನು ಬಾಯಿ ಬಿಡಲಿಲ್ಲ. ಎಂಥ ಮಾತಿಗೂ ಎದುರಾಡುವವಳು ನಾನು. ಹೆದರಿದ್ದೆ. ಕೇಂದ್ರ ಮುಚ್ಚಿಸುತ್ತಾರೆ, ಪೊಲೀಸರು ಬರುತ್ತಾರೆ ಎಂದೆಲ್ಲ ಅನ್ನಿಸಿತು. ಎಂಟು ದಿನ ಹಾಗೇ ಇದ್ದೆ. ಅದನ್ನು ಈಗ ಬರೆಯಲೂ ನಾಚಿಕೆಯಾಗುತ್ತದೆ.

ಒಂಬತ್ತನೆಯ ದಿನ ಮಾಸ್ತರು ಬಂದರು. ಮಸ್ಕಿಯ ಬೂತಿನಿಂದ ಇಡೀ ಹಂಗಾಮಿನ ಚೀಟಿಗಳ ನಕಲು ಹೊಡೆಸಿ ತಂದಿದ್ದರು. ಮೇಜಿನ ಮೇಲೆ ಹರವಿದರು. ನೀರು ಬಂದ, ನೀರು ಬಂದ, ಗೇಟ ಸಾಫ, ನೀರು ಬಂದ.

"ಅಂವ ತಪ್ಪು ಓದಿಲ್ಲ. ನಿನಗೂ ಗೊತ್ತೈತಿ," ಅಂದರು.

"ಗೊತ್ತೈತ್ರಿ," ಅಂದೆ. ಅತ್ತುಬಿಟ್ಟೆ.

"ಅಳಬ್ಯಾಡ, ಬರಿ. ಅರ್ಧಾಕ್ಷರ ಬ್ಯಾಡ ಅಂದಾಂವ ನಾನು. ಅದನ್ನ ಮೊದಲ ಬರಿ. ಉಳಿದದ್ದು ನಿನ್ನ ಕೆಲಸ."

ಇಬ್ಬರೂ ಸೇರಿ ಹೇಳಿಕೆ ಬರೆದೆವು. ಹತ್ತಕ್ಷರದ ಕತ್ತರಿ, ಸೊನ್ನೆ, ಅರ್ಧಾಕ್ಷರ, ತಿದ್ದುಪಡಿ ಬೇಡವೆಂದು ನಾನು ಕಳಿಸಿದ ಉತ್ತರ, ಬೆಂಚಿನ ಮೇಲೆ ಕೂರಿಸಿ 'ಬಂದ' ಅಂದರೆ 'ಬಂದ್' ಎಂದು ನಾನೇ ಹೇಳಿಕೊಟ್ಟದ್ದು, ಏನೂ ಬಿಡಲಿಲ್ಲ. ಒಕ್ಕೂಟದ ಅಧ್ಯಕ್ಷರು ಪೂರ್ತಿ ಓದಿದರು. ವರದಿ ಆಗಲೇ ಮೇಲೆ ಹೋಗಿದೆ, ಇನ್ನು ತಿದ್ದಲು ಬರುವುದಿಲ್ಲ ಅಂದರು. ನಮ್ಮ ಕಾಗದವನ್ನು ಫೈಲಿಗೆ ಹಾಕಿದರು. ಸಂದೇಶದ ವ್ಯವಸ್ಥೆಯನ್ನು ನಿಲ್ಲಿಸಿದರು. ಮುಂದಿನ ವಾರದಿಂದ ಮತ್ತೆ ಕಂಡಕ್ಟರನ ಕೈಯಲ್ಲಿ ಚೀಟಿ ಹೋಗತೊಡಗಿತು.

ವರದಿಯಲ್ಲಿ ಹೋಗದ ಮಾತನ್ನು ಬಾಯಿಂದಲಾದರೂ ಹೇಳಿ ಬರಬೇಕು ಎಂದು ಗ್ಯಾಂಗ್‌ಮನ್‌ನ ಮನೆಗೆ ಹೋದೆ. ಮಾಸ್ತರು ಬರುತ್ತೇನೆ ಅಂದರು, ಬೇಡ ಅಂದೆ. ಅವನ ಹೆಂಡತಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ನಾನು ಯಾರೆಂದು ಹೇಳಿದೆ. ಮೊರ ಬದಿಗಿಟ್ಟು ಕಂಬಳಿ ಹಾಸಿದಳು. ಅವಳು ಕೇಳಿದ್ದು ಒಂದೇ.

"ಮಂದಿ ಅಂತಾರ್ರಿ ಅಕ್ಕಾರ, ಓದಾಕ ಬರ್ತೈತಂತ ಮೆರದ, ತಪ್ಪು ಓದಿ ಸತ್ತ ಅಂತ. ಸತ್ತದ್ದು ಇರ್ಲಿ, ಈ ಮಾತು ಕೇಳಾಕ ಆಗವಲ್ದು. ಅಂವ ತಪ್ಪು ಓದಿದ್ನೇನ್ರಿ?"

"ಇಲ್ಲವ್ವ. ಸರಿ ಓದ್ಯಾನ. ನಾ ಹೆಂಗ ಓದಂತ ಕಲಿಸಿದ್ನೋ ಹಂಗ ಓದ್ಯಾನ. ತಪ್ಪು ಬರದು ಕಳಿಸಿದಾಕಿ ನಾನು," ಅಂದೆ.

ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, "ಚೀಟ್ಯಾಗ ಏನಂತ ಬರದಿತ್ರಿ?" ಅಂದಳು.

"'ನೀರು ಬಂದ' ಅಂತ."

"ನೀರು ಬಂದ." ನಿಧಾನವಾಗಿ ಅಂದುಕೊಂಡಳು. "ನಂಗ ಅಕ್ಷರ ಬರಂಗಿಲ್ರಿ. ಯಾರರ ಹಂಗ ಓದಿ ಹೇಳಿದ್ರ ನೀರು ಬಂದಾವ ಅಂತ ತಿಳ್ಕೊಂತಿದ್ದೆ. ಮನಿ ಬಿಟ್ಟು ಹೋಗಾಕ ಕೊಡ್ತಿದ್ದಿಲ್ಲ."

ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

"ಹಂಗಾರ ಅಕ್ಕಾರ, ಸರಿ ಓದಿದ್ದಕ್ಕ ಸತ್ನೇನ್ರಿ ಅಂವ?"

"ಹೌದವ್ವ," ಅಂದೆ.